ಮೂರು ಸಲ ಕೂಗಿದ ಹೆಸರು

ನಾನು ಮದುವೆಯಾಗಿ ಈ ಮನೆಗೆ ಬಂದ ಮೊದಲ ವಾರ. ಸ್ನಾನದ ಮನೆಯಲ್ಲಿದ್ದಾಗ ಹೊರಗಿನಿಂದ ಯಾರೋ ನನ್ನ ಹೆಸರನ್ನು ಮೂರು ಸಲ ಕೂಗಿದರು. ಮೂರು ಸಲವೂ ಒಂದೇ ಎತ್ತರ, ನಡುವೆ ಒಂದೇ ಅಂತರ. ಏನೋ ಅನಾಹುತವಾಗಿದೆ ಅಂದುಕೊಂಡು ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಓಡಿಬಂದೆ. ಮಾವ ಮೇಜಿನ ಮುಂದೆ ಶಾಂತವಾಗಿ ಕೂತಿದ್ದರು.

"ಟೀ ಆರ್ತಾ ಇದೆ ಅಮ್ಮ" ಎಂದರು.

ಒಳಗಿನಿಂದ ಅತ್ತೆ, "ಹೆದರ್ಬೇಡ. ಬೆಕ್ಕನ್ನೂ ಇವರು ಹಾಗೇ ಕರೆಯೋದು" ಎಂದರು.

ನಮ್ಮ ಮಾವ ಕೋರ್ಟಿನಲ್ಲಿ ಹೆಸರು ಕೂಗುವ ಕೆಲಸದವರು. ಎರಡನೇ ಮಹಡಿಯ ಏಳನೇ ನಂಬರಿನ ಹಾಲ್ ಬಾಗಿಲಲ್ಲಿ ಮೂವತ್ತನಾಲ್ಕು ವರ್ಷ ನಿಂತವರು. ಒಳಗಡೆ ಗುಮಾಸ್ತರು ಆ ದಿನದ ಪಟ್ಟಿಯಿಂದ ಒಂದು ಹೆಸರನ್ನು ಬೆರಳಿಟ್ಟು ತೋರಿಸಿದರೆ ಇವರು ಬಾಗಿಲಿಗೆ ಬಂದು, ಕಾರಿಡಾರಿನ ಉದ್ದನೆಯ ಓಣಿಯ ಕಡೆ ಮುಖ ಮಾಡಿ, ಮೂರು ಸಲ ಕೂಗಬೇಕು. ಹೆಸರಿನವರು ಬಂದರೆ ಸರಿ. ಬರದಿದ್ದರೆ "ಬಂದಿಲ್ಲ" ಎಂದು ಜಡ್ಜ್ ಬರೆದುಕೊಳ್ಳುತ್ತಾರೆ, ಮುಂದಿನ ಹೆಸರು. ಕೆಲಸ ಇಷ್ಟೇ. ಆದರೆ ಮಾವ ಅದನ್ನು ಇಷ್ಟೇ ಎಂದು ಯಾವತ್ತೂ ತಿಳಿಯಲಿಲ್ಲ. ಬೆಳಗ್ಗೆ ಎದ್ದು ಬಿಸಿನೀರು ಕುಡಿಯುವುದು, ತಣ್ಣಗಿನದನ್ನು ಮುಟ್ಟದಿರುವುದು, ಬಿಳಿ ಕೋಟಿನ ಹಿತ್ತಾಳೆ ಗುಂಡಿಗಳನ್ನು ವಾರಕ್ಕೆರಡು ಸಲ ಉಜ್ಜಿಸುವುದು. ಉಜ್ಜುತ್ತಿದ್ದವರು ಅತ್ತೆ, ಹೆಸರು ಇವರಿಗೆ. "ಕೂಗೋದು ಗಂಟಲಿಂದಲ್ಲ ಅಮ್ಮ, ಹೊಟ್ಟೆಯಿಂದ. ಮೆಟ್ಟಿಲ ಹತ್ರ ನಿಂತವನಿಗೂ ಕೇಳಬೇಕು, ಒಳಗೆ ಕೂತ ಜಡ್ಜ್‌ಗೆ ಕಿರಿಕಿರಿ ಆಗಬಾರದು" ಎಂದು ನನಗೆ ವಿವರಿಸುತ್ತಿದ್ದರು. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ರಕ್ತ ಪರೀಕ್ಷೆಗೆ ಬಂದವರ ಹೆಸರನ್ನು ನಾನೂ ದಿನಾ ಕರೆಯುತ್ತೇನೆ. ಅದರಲ್ಲಿ ಇಷ್ಟೊಂದು ವಿದ್ಯೆ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಬಾಗಿಲಲ್ಲಿ ನಿಂತವರಿಗೆ ಒಳಗೂ ಕಾಣುತ್ತದೆ, ಹೊರಗೂ ಕಾಣುತ್ತದೆ. ವಕೀಲರಿದ್ದವರ ಹೆಸರು ಕೂಗಿದರೆ ಕಪ್ಪು ಗೌನೊಂದು ಸರಕ್ಕನೆ ಮುಂದೆ ಹೋಗಿ ನಿಲ್ಲುತ್ತದೆ. ವಕೀಲರಿಲ್ಲದವರು ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಹಿಡಿದುಕೊಂಡು ತಡಬಡಾಯಿಸುತ್ತಾ ಬರುತ್ತಾರೆ, ಸಾಕ್ಷಿ ನಿಲ್ಲುವ ಜಾಗದಲ್ಲಿ ಹೋಗಿ ನಿಂತು ಬೈಸಿಕೊಳ್ಳುತ್ತಾರೆ, ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ. ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಸಂಜೆ ಊಟಕ್ಕೆ ಕೂತಾಗ ಮಾವ ಅಂಥದ್ದೊಂದನ್ನು ಹೇಳದ ದಿನವಿರಲಿಲ್ಲ.

"ಇವತ್ತೊಬ್ಬ ಅಜ್ಜ. 'ಒಪ್ಪಿಗೆ ಇದೆಯಾ' ಅಂತ ಕೇಳಿದ್ರು. 'ಹೂಂ' ಅಂದುಬಿಟ್ಟ. ಯಾವುದಕ್ಕೆ ಹೂಂ ಅಂದೆ ಅಂತ ಹೊರಗೆ ಬಂದು ನನ್ನನ್ನೇ ಕೇಳ್ತಾನೆ!"

"ನಿಮ್ಮ ಕೆಲಸ ಕೂಗೋದು ತಾನೇ? ಕೂಗಿ ಮನೆಗೆ ಬನ್ನಿ. ಊರಿನ ಉಸಾಬರಿಯನ್ನೆಲ್ಲ ತಟ್ಟೆಗೆ ಹಾಕ್ಕೋಬೇಡಿ" ಎಂದು ಅತ್ತೆ ಬಡಿಸುತ್ತಲೇ ಗದರುತ್ತಿದ್ದರು.

ಮಾವ ನಿವೃತ್ತರಾದ ದಿನ ವಕೀಲರ ಸಂಘದ ಕೋಣೆಯಲ್ಲಿ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ನಾನೂ ನನ್ನ ಗಂಡನೂ ಹೋಗಿದ್ದೆವು. ಅತ್ತೆ ಮಾತ್ರ "ಕೋರ್ಟ್ ಮೆಟ್ಟಿಲು ಹತ್ತೋ ಗ್ರಹಚಾರ ನಂಗ್ಯಾಕೆ" ಎಂದು ಮನೆಯಲ್ಲೇ ಉಳಿದರು. ಕೋಣೆಯಲ್ಲಿ ಐವತ್ತು ಅರವತ್ತು ವಕೀಲರು, ಟೀ, ಬಿಸ್ಕತ್ತು. ಒಬ್ಬರಾದ ಮೇಲೊಬ್ಬರು ಎದ್ದು ಮಾವನ ದನಿಯನ್ನು ಹೊಗಳಿದರು. ಕೊನೆಗೆ ಸಂಘದ ಕಾರ್ಯದರ್ಶಿ ಒಂದು ಕೈಗಡಿಯಾರದ ಡಬ್ಬಿ ಮುಂದೆ ಮಾಡಿದರು.

ಮಾವ ಅದನ್ನು ತೆಗೆದುಕೊಳ್ಳಲಿಲ್ಲ. ಎದ್ದು ನಿಂತು ಕೋಟು ಸರಿಮಾಡಿಕೊಂಡರು. "ಗಡಿಯಾರ ಬೇಡ ಸಾರ್. ನನಗೆ ನಿಮ್ಮ ಟೈಮೇ ಕೊಡಿ. ಒಬ್ಬೊಬ್ಬರು ತಿಂಗಳಿಗೆ ಅರ್ಧ ದಿನ. ವಕೀಲರನ್ನ ಇಟ್ಕೊಳ್ಳೋಕೆ ಆಗದೇ ಇರೋರ ಕಾಗದ ನೋಡಿ, ಅವರ ಪರವಾಗಿ ಒಂದು ಮಾತು ಆಡಿ. ಫೀಸ್ ಇಲ್ಲ. ಜಾಗ ನಾನು ಹುಡುಕ್ತೀನಿ, ಜನರನ್ನ ನಾನು ಕೂರಿಸ್ತೀನಿ" ಎಂದರು.

ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು. ನನ್ನ ಗಂಡ ನನ್ನ ಕಿವಿಯಲ್ಲಿ, "ಚಪ್ಪಾಳೆ ಇಷ್ಟು ಜೋರಾಗಿದೆ ಅಂದ್ರೆ ಯಾರೂ ಬರಲ್ಲ ಅಂತ ಅರ್ಥ" ಎಂದ.

ಅವನು ಹೇಳಿದ್ದು ಮುಕ್ಕಾಲುಪಾಲು ನಿಜವಾಯಿತು. ಬಂದವರು ಮೂರೇ ಜನ. ಮೊದಲನೆಯವರನ್ನು ಇಡೀ ಕೋರ್ಟು 'ಬ್ಯಾರಿಸ್ಟರಮ್ಮ' ಎಂದು ಕರೆಯುತ್ತಿತ್ತು. ಹೊರದೇಶದಲ್ಲಿ ಓದಿ ಬ್ಯಾರಿಸ್ಟರ್ ಆಗಿ ಬಂದವರು, ಐವತ್ತು ದಾಟಿದ ಹೆಂಗಸು, ಗಿಡ್ಡ ಕೂದಲು, ಹರಿತವಾದ ನಾಲಗೆ. ಅವರು ಎದ್ದು ನಿಂತರೆ ಎದುರು ಪಕ್ಷದ ವಕೀಲರು ಸುಮ್ಮನೆ ಕನ್ನಡಕ ಒರೆಸಿಕೊಳ್ಳಲು ಶುರುಮಾಡುತ್ತಿದ್ದರಂತೆ. ಅವರನ್ನು ಗೊತ್ತುಮಾಡಿಕೊಳ್ಳಲು ದೊಡ್ಡ ದೊಡ್ಡವರೇ ತಿಂಗಳುಗಟ್ಟಲೆ ಕಾಯಬೇಕಿತ್ತು. ಅಂಥವರು ಬೀಳ್ಕೊಡುಗೆಯ ಮರುವಾರವೇ ಮಾವನಿಗೆ ಫೋನ್ ಮಾಡಿ, "ಯಜಮಾನ್ರೇ, ಜಾಗ ಹುಡುಕಿದ್ರಾ ಇಲ್ವಾ? ಬೀಳ್ಕೊಡುಗೆ ದಿನ ನಾವು ವಕೀಲರು ಎಷ್ಟೋ ಸುಳ್ಳು ಹೇಳ್ತೀವಿ. ನನ್ನ ಚಪ್ಪಾಳೆಯನ್ನಾದ್ರೂ ನಿಜ ಮಾಡೋಣ ಅಂತ" ಎಂದರು. ಇನ್ನಿಬ್ಬರಲ್ಲಿ ಒಬ್ಬರು ಬಾಡಿಗೆ, ಜಮೀನಿನ ಕಾಗದಗಳಲ್ಲಿ ಪಳಗಿದ ಹಿರಿಯರು. ಮತ್ತೊಬ್ಬಾಕೆ ಕುಟುಂಬದ ಕೇಸು ನಡೆಸುವವರು.

ಮಾವ ಹುಡುಕಿದ ಜಾಗ ಹಳೆಯ ದಾಖಲೆ ಕೋಣೆಯ ಹಿಂದಿನ ಮೊಗಸಾಲೆ. ಮುರಿದ ಕುರ್ಚಿಗಳನ್ನು ಎಸೆಯುತ್ತಿದ್ದ ಜಾಗ ಅದು. ಅನುಮತಿಗೆ ಅರ್ಜಿ ಬರೆದುಕೊಟ್ಟದ್ದು ನಾನೇ. ಅನುಮತಿ ಸಿಕ್ಕ ಮೇಲೆ ಮಾವ ಮೊಳೆ, ಸುತ್ತಿಗೆ, ಮರದ ಅಂಟು ತೆಗೆದುಕೊಂಡು ಹೋಗಿ ಎರಡು ವಾರ ಕೂತು ಒಂಬತ್ತು ಕುರ್ಚಿಗಳನ್ನು ನೆಟ್ಟಗೆ ಮಾಡಿದರು. ಬೆಂಚು ಸಾಕಲ್ಲ ಎಂದರೆ ಕೇಳಲಿಲ್ಲ. "ಬೆಂಚಲ್ಲಿ ಕೂತು ಕೂತು ಆ ಜನರ ಬೆನ್ನು ಬಗ್ಗಿಹೋಗಿದೆ. ವಕೀಲರ ಎದುರು ಕೂತಾಗ ಅವರಿಗೂ ಒರಗೋಕೆ ಒಂದು ಬೆನ್ನು ಇರಲಿ" ಎಂದರು.

ಪ್ರತಿ ಬುಧವಾರ ಮಧ್ಯಾಹ್ನ ಎರಡರಿಂದ ಐದು. ಮೊದಲ ದಿನ ಬಂದ ಒಬ್ಬ ಬಣ್ಣ ಹಚ್ಚುವವನು "ಎಷ್ಟಾಗುತ್ತೆ" ಎಂದು ಕೇಳಿದ್ದಕ್ಕೆ "ಏನೂ ಇಲ್ಲ" ಎಂದಾಗ ಹೆದರಿ ಎದ್ದೇ ಹೋದ. ಕೋರ್ಟಿನ ಆವರಣದಲ್ಲಿ ಪುಕ್ಕಟೆ ಅಂದರೆ ಜನ ನಂಬುವುದಿಲ್ಲ, ಇನ್ನೇನೋ ಕಿತ್ತುಕೊಳ್ಳುತ್ತಾರೆ ಅಂದುಕೊಳ್ಳುತ್ತಾರೆ. ಮಾವ ಅವನ ಹಿಂದೆ ಗೇಟಿನವರೆಗೂ ಹೋಗಿ ಕರೆತಂದರು. ಬ್ಯಾರಿಸ್ಟರಮ್ಮ ಅವನ ಕಾಗದಗಳನ್ನು ಕೆಂಪು, ನೀಲಿ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾ ಒಂದಕ್ಷರ ಬಿಡದೆ ಓದಿದರು. ದೊಡ್ಡ ಕಂಪನಿಗಳ ಕಡತಗಳಿಗೂ ಅವರು ಬಳಸುವುದು ಅದೇ ಎರಡು ಪೆನ್ಸಿಲ್ ಎಂದು ಮಾವ ಮನೆಯಲ್ಲಿ ಎರಡು ಸಲ ಹೇಳಿದರು. ಅವರಿಗೆ ಅದು ಬಹಳ ಹಿಡಿಸಿತ್ತು.

ಐದನೆಯ ಬುಧವಾರ ಬಂದವಳನ್ನು ಅವಳ ಬೀದಿಯಲ್ಲಿ 'ಮೆಷಿನ್ ಅಕ್ಕ' ಎನ್ನುತ್ತಾರೆ. ಹೊಲಿಗೆ ಯಂತ್ರ ರಿಪೇರಿ ಮಾಡುವವಳು. ಗಂಡನಿಂದ ಕಲಿತ ಕೆಲಸ. ಗಂಡ ಹೋದ ಮೇಲೆ ಹನ್ನೊಂದು ವರ್ಷದಿಂದ ಅದೇ ಅಂಗಡಿಯನ್ನು ಒಬ್ಬಳೇ ನಡೆಸುತ್ತಿದ್ದಳು. ಅಂಗಡಿ ಮುಂದೆ, ಹಿಂದೆ ಒಂದು ಕೋಣೆ, ಅದೇ ಮನೆ. ಕಟ್ಟಡದ ಹೊಸ ಮಾಲೀಕ, "ಬಾಡಿಗೆ ಕರಾರು ಗಂಡನ ಹೆಸರಿನಲ್ಲಿತ್ತು, ಗಂಡನ ಜೊತೆಗೇ ಮುಗಿಯಿತು" ಎಂದು ಕೇಸು ಹಾಕಿದ್ದ. ತೀರ್ಪು ಆಗಿಹೋಗಿತ್ತು. ಮೂವತ್ತು ದಿನದಲ್ಲಿ ಖಾಲಿ ಮಾಡಬೇಕೆಂದು ಬಾಗಿಲಿಗೆ ಕಾಗದ ಅಂಟಿಸಿ ಹೋಗಿದ್ದರು.

ಬ್ಯಾರಿಸ್ಟರಮ್ಮ ಅವಳು ತಂದಿದ್ದ ಕಾಗದಗಳನ್ನೆಲ್ಲ ಓದಿ ತಲೆಯೆತ್ತಿದರು. "ಹಳೇ ಮಾಲೀಕರು ನಿಮ್ಮ ಹೆಸರಿಗೇ ಕಾಗದ ಬರೆದುಕೊಟ್ಟಿದ್ದಾರಲ್ಲ! ಇದೊಂದು ತೋರಿಸಿದ್ರೆ ಕೇಸೇ ನಿಲ್ತಾ ಇರಲಿಲ್ಲ. ನೀವು ಕೋರ್ಟಿಗೆ ಯಾಕೆ ಹೋಗ್ಲಿಲ್ಲ?"

"ಹೋಗಿದ್ದೆನಮ್ಮ."

"ನೀವು ಬರಲಿಲ್ಲ ಅಂತ ಈ ತೀರ್ಪಲ್ಲಿ ಬರೆದಿದೆ. ಬರಲಿಲ್ಲ ಅಂತಲೇ ಅವರ ಮಾತೊಂದನ್ನೇ ಕೇಳಿ ತೀರ್ಪು ಕೊಟ್ಟಿದ್ದಾರೆ."

"ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕರ ತನಕ ಕೂತಿದ್ದೆ" ಎಂದಳು ಮೆಷಿನ್ ಅಕ್ಕ. ದನಿ ಏರಿಸಲಿಲ್ಲ. "ಬಾತ್‌ರೂಮಿಗೂ ಎದ್ದಿಲ್ಲ. ನನ್ನ ಹೆಸರು ಕೂಗಲೇ ಇಲ್ಲ. ಕೊನೆಗೆ ಒಳಗಿನೋರನ್ನ ಕೇಳಿದೆ. ಇವತ್ತಿನ ಪಟ್ಟೀಲಿ ನಿನ್ನ ಹೆಸರಿಲ್ಲ, ಹೋಗು, ಕಾಗದ ಬರುತ್ತೆ ಅಂದ್ರು. ಬಂತು. ಇದೇ."

"ಯಾವ ಹಾಲ್?"

"ಏಳು."

ಮಾವ ಅಲ್ಲೇ ಪಕ್ಕದಲ್ಲಿ ಮುಂದಿನವರಿಗೆ ನೀರು ಕೊಡುತ್ತಿದ್ದರು. ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ತೀರ್ಪಿನ ತಾರೀಖು ಕೇಳಿದರು. ಅವರು ನಿವೃತ್ತರಾಗುವುದಕ್ಕೆ ಮೂರು ವಾರ ಹಿಂದಿನ ದಿನ. ಅವತ್ತು ಆ ಬಾಗಿಲಲ್ಲಿ ನಿಂತಿದ್ದವರು ಇವರೇ. ಮಾವ ಮೆಷಿನ್ ಅಕ್ಕನ ಮುಖವನ್ನು ಸರಿಯಾಗಿ ನೋಡಿದರು, ಆಮೇಲೆ ಅವಳ ಕೈಗಳನ್ನು. ಉಗುರಿನ ಸಂದಿಯಲ್ಲಿ ಎಣ್ಣೆಯ ಕಪ್ಪು.

ಅವತ್ತು ಸಂಜೆ ಮನೆಗೆ ಬಂದವರು ತಟ್ಟೆ ಮುಟ್ಟಲಿಲ್ಲ. ನಾನು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದೆ. ಬಂದು ಬಾಗಿಲಿಗೆ ಒರಗಿ ನಿಂತರು.

"ನಿನಗೊಂದು ಹೇಳ್ಬೇಕು ಅಮ್ಮ" ಎಂದು ಶುರುಮಾಡಿದರು.

ಆ ದಿನ ಅವರಿಗೆ ಚೆನ್ನಾಗಿ ನೆನಪಿತ್ತು. ಬೆಳಗ್ಗೆ ಒಬ್ಬಳು ಹೆಂಗಸು ಬಟ್ಟೆಯಲ್ಲಿ ಸುತ್ತಿದ ಭಾರವಾದ ಗಂಟೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಎದುರಿನ ಬೆಂಚಿನಲ್ಲೇ ಕೂತಿದ್ದಳು. ಗಂಟಿನಲ್ಲಿದ್ದದ್ದು ಹೊಲಿಗೆ ಯಂತ್ರದ ಮೇಲ್ಭಾಗ. ಕೋರ್ಟು ಮುಗಿಸಿ ಯಾರಿಗೋ ತಲುಪಿಸಬೇಕಿತ್ತಂತೆ. ಮಾವನೇ ಅವಳಿಗೆ ಅದನ್ನು ಬೆಂಚಿನ ಕೆಳಗಿಡಲು ಹೇಳಿದ್ದರು. ಸಂಜೆ ಅವಳು ಹೋದ ಮೇಲೆ ನೆಲಕ್ಕೆ ಸೋರಿದ್ದ ಎಣ್ಣೆಯನ್ನು ಬಟ್ಟೆ ಹಾಕಿ ಒರೆಸಿದವರೂ ಅವರೇ. ಮಧ್ಯಾಹ್ನ ಒಳಗಿನಿಂದ ಒಂದು ಹೆಸರು ತೋರಿಸಿದರು. ಪಟ್ಟಿಯಲ್ಲಿ ಗಂಡಸಿನ ಹೆಸರು. ಇದ್ದದ್ದನ್ನು ಇದ್ದಂತೆ ಮೂರು ಸಲ ಕೂಗಿದರು. ಮೊದಲ ಸಲ ಕೂಗಿದಾಗ ಆ ಹೆಂಗಸು ಥಟ್ಟನೆ ತಲೆಯೆತ್ತಿದಳು. ಹೆಸರು ಪೂರ್ತಿಯಾಗುವ ಹೊತ್ತಿಗೆ ಮತ್ತೆ ತಗ್ಗಿಸಿದಳು.

"ಇವತ್ತು ಅವಳ ಕಾಗದ ನೋಡಿದ ಮೇಲೆ ತಿಳೀತು, ಪಟ್ಟೀಲಿ ಅವಳ ಹೆಸರಿನ ಕೊನೇ ಅಕ್ಷರ ಟೈಪ್ ಮಾಡೋವಾಗ ಬಿದ್ದುಹೋಗಿತ್ತು. ಅದೊಂದು ಬಿದ್ರೆ ಗಂಡಸಿನ ಹೆಸರಾಗುತ್ತೆ" ಎಂದರು ಮಾವ. "ಅವಳು ತಲೆ ಎತ್ತಿದ್ದು ನಾನು ನೋಡಿದೆ. ನನಗೆ ಅನುಮಾನ ಬಂತು. ನಾಲ್ಕು ಹೆಜ್ಜೆ ಹೋಗಿ 'ಏನಮ್ಮ ನಿನ್ನ ಹೆಸರು' ಅಂತ ಕೇಳಬಹುದಿತ್ತು. ಆಗಿನ ಜಡ್ಜ್‌ಗೆ ಮೂಗಿನ ತುದೀಲೇ ಕೋಪ. ತಡ ಆದ್ರೆ ಬೈತಾರೆ ಅಂತ ಒಳಗೆ ಹೋಗಿ 'ಬಂದಿಲ್ಲ' ಅಂದುಬಿಟ್ಟೆ."

ಅತ್ತೆ ಆಗಲೇ ಹಿಂದಿನಿಂದ ಬಂದು ಎಲ್ಲ ಕೇಳಿಸಿಕೊಂಡಿದ್ದರು.

"ಅಲ್ಲಾರೀ, ಪಟ್ಟೀಲಿ ತಪ್ಪು ಟೈಪ್ ಮಾಡಿದ್ದು ಇನ್ಯಾರೋ. ನೀವು ಇದ್ದದ್ದನ್ನ ಓದಿದ್ರಿ. ಮೂವತ್ನಾಲ್ಕು ವರ್ಷ ಒಂದು ಕಪ್ಪು ಚುಕ್ಕೆ ಇಲ್ದೆ ಹೊರಗೆ ಬಂದಿದ್ದೀರಿ. ಈಗ ನೀವಾಗೇ ಹೋಗಿ ಮುಖಕ್ಕೆ ಮಸಿ ಬಳ್ಕೋತೀರಾ? ಆ ವಕೀಲಮ್ಮ ಬೇರೆ ದಾರಿ ಹುಡುಕ್ತಾರೆ ಬಿಡಿ" ಎಂದರು.

ಮಾವ ಮೊದಲ ಬಾರಿಗೆ ಅತ್ತೆಗೆ ಎದುರಾಡಲಿಲ್ಲ. ಎದುರಾಡದಿದ್ದರೆ ನಿರ್ಧಾರ ಆಗಿದೆ ಎಂದು ನಮಗಿಬ್ಬರಿಗೂ ಗೊತ್ತಾಯಿತು.

ಮರುದಿನ ಬೆಳಗ್ಗೆ ಎಂಟಕ್ಕೇ ಬ್ಯಾರಿಸ್ಟರಮ್ಮನ ಕಚೇರಿಗೆ ಹೊರಟರು. ಆಸ್ಪತ್ರೆ ಅದೇ ದಾರಿಯಲ್ಲಿದ್ದುದರಿಂದ ನಾನೂ ಜೊತೆಗೆ ಹೋದೆ. ಮೂರೂ ಗೋಡೆಗೆ ಪುಸ್ತಕ, ಮೇಜಿನ ಮೇಲೆ ಅರ್ಧ ತಿಂದ ಬ್ರೆಡ್ಡು, ಅವರ ಬೆಳಗಿನ ತಿಂಡಿ. ಮಾವ ಹೇಳಿದ್ದನ್ನು ಅವರು ನಡುವೆ ಬಾಯಿ ಹಾಕದೆ ಕೇಳಿದರು. ಕೇಳಿ ಮುಗಿದ ಮೇಲೆ ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಪಡಲಿಲ್ಲ.

"ಯಜಮಾನ್ರೇ, ಸರಿಯಾಗಿ ಕೇಳಿಸ್ಕೊಳ್ಳಿ. ಪಟ್ಟೀಲಿ ತಪ್ಪಿದೆ ಅನ್ನೋದನ್ನ ನಾನು ಕಾಗದದಿಂದಲೇ ತೋರಿಸಬಲ್ಲೆ. ಆದರೆ ಅವಳು ಅವತ್ತು ಬಂದೇ ಇರಲಿಲ್ಲ ಅಂತ ಎದುರು ಪಕ್ಷದೋರು ಹೇಳ್ತಾರೆ. ಬಂದಿದ್ಳು ಅನ್ನೋಕೆ ನಿಮ್ಮನ್ನ ಬಿಟ್ರೆ ಸಾಕ್ಷಿ ಇಲ್ಲ. ನೀವು ನಿಂತ್ರೆ ಎದುರು ವಕೀಲ ನಿಮ್ಮ ಸಿಪ್ಪೆ ಸುಲೀತಾನೆ. ಕೆಲಸ ಸರಿಯಾಗಿ ಮಾಡ್ಲಿಲ್ಲ ಅಂತ ನಿಮ್ಮ ಬಾಯಿಂದಲೇ ಹೇಳಿಸ್ತಾನೆ, ಅದು ದಾಖಲೆಗೆ ಹೋಗುತ್ತೆ. ಇಲಾಖೆಯೋರು ಕೂಡ ಒಂದು ನೋಟಿಸ್ ಕಳಿಸಬಹುದು. ಬೇಡ ಅಂದ್ರೆ ನಾನು ನಿಮ್ಮನ್ನ ಕರೆಯಲ್ಲ, ಯಾರಿಗೂ ಹೇಳೋದೂ ಇಲ್ಲ. ನಿಜ ಹೇಳ್ತಿದ್ದೀನಿ."

"ಅವಳ ಅಂಗಡಿ ಉಳಿಯುತ್ತಾ ಅಮ್ಮ?"

"ಉಳಿಯೋಕೆ ದಾರಿ ಅದೊಂದೇ."

"ಹಾಗಾದ್ರೆ ಬರ್ಕೊಳ್ಳಿ" ಎಂದು ಮಾವ ಕುರ್ಚಿ ಎಳೆದುಕೊಂಡು ಕೂತರು.

ಬ್ಯಾರಿಸ್ಟರಮ್ಮ ಅದೇ ವಾರ ಖಾಲಿ ಮಾಡಿಸುವುದಕ್ಕೆ ತಡೆ ತಂದರು. ಮುಂದಿನ ಆರು ವಾರ ಅವರು ಈ ಕೇಸಿಗೆ ಓಡಾಡಿದ್ದನ್ನು ನಾನು ಕಣ್ಣಾರೆ ಕಂಡೆ. ಕಚೇರಿಯಿಂದ ಕಚೇರಿಗೆ ತಾವೇ ಹೋಗಿ ಆ ದಿನದ ಪಟ್ಟಿಯ ಪ್ರತಿ ಹುಡುಕಿಸಿದರು. ಮೆಷಿನ್ ಅಕ್ಕನ ಅಂಗಡಿಗೆ ಹೋಗಿ, ಸ್ಟೂಲಿನ ಮೇಲೆ ಕೂತು, ಅವಳು ಬಾಬಿನ್ ಸರಿಮಾಡುತ್ತಿರುವಾಗಲೇ ಪ್ರಶ್ನೆ ಕೇಳಿ ಉತ್ತರ ಅಭ್ಯಾಸ ಮಾಡಿಸಿದರು. ಬಾಡಿಗೆ ಕಾಗದದ ಹಿರಿಯ ವಕೀಲರು ಹಳೆಯ ಮಾಲೀಕರ ಸಹಿಯನ್ನು ಗುರುತಿಸುವವರನ್ನು ಪತ್ತೆಹಚ್ಚಿ ಕರೆತಂದರು. ಇಬ್ಬರೂ ಒಂದು ಬಿಡಿಗಾಸು ಮುಟ್ಟಲಿಲ್ಲ. ಮೆಷಿನ್ ಅಕ್ಕ ಒಂದು ದಿನ ಸುಮ್ಮನಿರಲಾಗದೆ, "ನಿಮ್ಮ ಮನೇಲಿ ಮೆಷಿನ್ ಇದ್ರೆ ಕಳಿಸಿಯಮ್ಮ, ಮಾಡ್ಕೊಡ್ತೀನಿ" ಎಂದಳಂತೆ. "ನನ್ನ ಮನೇಲಿ ಸೂಜಿಯೂ ಇಲ್ಲ. ಕೇಸ್ ಮುಗಿಯೋ ತನಕ ನೀವು ನನಗೆ ಏನನ್ನೂ ಕೊಡಬೇಡಿ, ನಿಜ ಒಂದು ಬಿಟ್ಟು" ಎಂದು ಬ್ಯಾರಿಸ್ಟರಮ್ಮ ಗದರಿದರಂತೆ.

ವಿಚಾರಣೆಯ ದಿನ ಅತ್ತೆ ಬೆಳಗ್ಗೆಯೇ ತಲೆ ಬಾಚಿಕೊಂಡು ತಯಾರಾಗಿ ನಿಂತಿದ್ದರು. "ನಾನೂ ಬರ್ತೀನಿ" ಎಂದರು. ಮಾವ ಏನೋ ಹೇಳಲು ಬಾಯಿ ತೆರೆದರು. "ಸುಮ್ನೆ ನಡೀರಿ" ಎಂದು ಅವರೇ ಮುಂದೆ ಹೊರಟರು.

ಏಳನೇ ಹಾಲಿನಲ್ಲಿ ಹಳೆಯ ಜಡ್ಜ್ ವರ್ಗವಾಗಿ ಹೋಗಿ ಹೊಸಬರು ಬಂದಿದ್ದರು. ನಿಧಾನಸ್ಥೆ, ಪ್ರತಿ ಮಾತನ್ನೂ ಪೂರ್ತಿ ಕೇಳುವವರು. ನಾನು, ಅತ್ತೆ, ಮೆಷಿನ್ ಅಕ್ಕ ಹಿಂದಿನ ಸಾಲಿನಲ್ಲಿ ಕೂತೆವು. ಮಾವ ಹೊರಗೆ ಓಣಿಯಲ್ಲಿ, ಸಾಕ್ಷಿಗಳು ಕಾಯುವ ಬೆಂಚಿನಲ್ಲಿ. ಸ್ವಲ್ಪ ಹೊತ್ತಿಗೆ ಹೊಸದಾಗಿ ಬಂದ ಕೂಗುವವನು ಬಾಗಿಲಿಗೆ ಹೋಗಿ ಮಾವನ ಹೆಸರನ್ನು ಕೂಗಿದ. ಆ ಬಾಗಿಲಲ್ಲಿ ತಮ್ಮ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಮಾವನಿಗೆ ಅದೇ ಮೊದಲು. ಮೊದಲ ಕೂಗಿಗೇ ಎದ್ದು ನಿಂತರು. ಆದರೆ ಮೂರೂ ಮುಗಿಯುವವರೆಗೆ ಕಾದು ಆಮೇಲೆ ಒಳಗೆ ಬಂದರು. ಕೆಲಸದ ಮರ್ಯಾದೆ.

ಬ್ಯಾರಿಸ್ಟರಮ್ಮ ಕೇಳಿದ್ದು ಕೆಲವೇ ಪ್ರಶ್ನೆ. ಮಾವ ಬೆಂಚು, ಗಂಟು, ಎಣ್ಣೆ, ಪಟ್ಟಿ, ಎತ್ತಿ ತಗ್ಗಿಸಿದ ತಲೆ, ಎಲ್ಲವನ್ನೂ ಹೇಳಿದರು. ಆಮೇಲೆ ಮಾಲೀಕನ ಪರ ವಕೀಲರು ಎದ್ದರು. ನಲವತ್ತರ ಆಸುಪಾಸು, ಚುರುಕಿನ ಮನುಷ್ಯ, ಮಾತಿನಲ್ಲಿ ಮೊನಚು.

"ನೀವು ಈಗ ಇವರ ಪುಕ್ಕಟೆ ನೆರವಿನ ಜಾಗದಲ್ಲೇ ಕೆಲಸ ಮಾಡ್ತಿರೋದು, ಅಲ್ವಾ?"

"ಕೆಲಸ ಅಲ್ಲ ಸಾರ್. ಕುರ್ಚಿ ಹಾಕ್ತೀನಿ, ನೀರು ಕೊಡ್ತೀನಿ. ಎರಡು ಟೀ ಸಿಗುತ್ತೆ."

ಹಾಲಿನಲ್ಲಿ ಸಣ್ಣ ನಗು. ವಕೀಲರು ನಗಲಿಲ್ಲ.

"ಮೂವತ್ನಾಲ್ಕು ವರ್ಷದಲ್ಲಿ ಸಾವಿರಾರು ಜನ ಆ ಬೆಂಚಲ್ಲಿ ಕೂತಿದ್ದಾರೆ. ಇವರೊಬ್ಬರೇ ನಿಮಗೆ ನೆನಪಿದ್ದಾರೆ ಅಂತ ನಂಬಬೇಕಾ?"

"ನೆಲಕ್ಕೆ ಮೆಷಿನ್ ಎಣ್ಣೆ ಬಿಟ್ಟು ಹೋದೋರು ಇವರೊಬ್ಬರೇ ಸಾರ್. ಮಂಡಿ ಊರಿ ಒರೆಸಿದ್ದೀನಿ. ಆ ವಾಸನೆ ಎರಡು ದಿನ ಕೈಯಲ್ಲಿತ್ತು."

"ಅನುಮಾನ ಬಂದರೂ ಕೇಳಲಿಲ್ಲ ಅಂತೀರಿ. ಅಂದರೆ ನಿಮ್ಮ ಕರ್ತವ್ಯ ನೀವು ಮಾಡಲಿಲ್ಲ."

ಪಕ್ಕದಲ್ಲಿದ್ದ ಅತ್ತೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದರು. ಮಾವ ವಕೀಲರ ಮುಖ ನೋಡಿಯೇ ಹೇಳಿದರು.

"ಮಾಡಲಿಲ್ಲ ಸಾರ್."

"ಹಾಗಾದರೆ ಮೂವತ್ನಾಲ್ಕು ವರ್ಷದಲ್ಲಿ ಹೀಗೆ ಎಷ್ಟು ಹೆಸರು ತಪ್ಪು ಕೂಗಿದ್ದೀರಿ?"

ಮಾವ ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದರು. ಉತ್ತರ ಕೊಟ್ಟದ್ದು ಮಾತ್ರ ಅವರು ಜೀವನವಿಡೀ ಕೂಗಿದ ಅದೇ ದನಿಯಲ್ಲಿ, ಹೊಟ್ಟೆಯಿಂದ. ಓಣಿಯ ಕೊನೆಯವರೆಗೂ ಕೇಳಿಸಿತು ಎಂದು ಹೊರಗಿದ್ದವರು ಆಮೇಲೆ ಹೇಳಿದರು.

"ಗೊತ್ತಿಲ್ಲ ಸಾರ್. ಆರು ವಾರದಿಂದ ನನಗೆ ಅದೇ ಯೋಚನೆ. ವಕೀಲರು ಇದ್ದೋರ ಹೆಸರು ತಪ್ಪು ಕೂಗಿದ್ರೆ ವಕೀಲರು ಎದ್ದು ಸರಿ ಮಾಡ್ತಾರೆ. ಇಲ್ಲದೋರಿಗೆ ನಾನು ಕೂಗಿದ್ದೇ ಕೊನೆ. ಉಳಿದದ್ದು ನನಗೆ ಗೊತ್ತಿಲ್ಲ. ಇದೊಂದು ಗೊತ್ತಿದೆ. ಗೊತ್ತಿರೋದನ್ನ ಹೇಳೋಕೆ ಬಂದೆ."

ವಕೀಲರು ಮುಂದಿನ ಪ್ರಶ್ನೆಗೆ ತಮ್ಮ ಕಾಗದ ನೋಡಿಕೊಂಡರು. ಇನ್ನೊಂದು ಪುಟ ತಿರುಗಿಸಿದರು. "ಸಾಕು" ಎಂದು ಕೂತರು.

ಜಡ್ಜ್ ಆ ದಿನದ ಪಟ್ಟಿಯನ್ನು ತರಿಸಿ ನೋಡಿದರು. ಸಮನ್ಸಿನ ಮೇಲಿನ ಹೆಸರನ್ನೂ ಪಟ್ಟಿಯ ಹೆಸರನ್ನೂ ಪಕ್ಕಪಕ್ಕ ಇಟ್ಟು ಬೆರಳಾಡಿಸಿದರು. ಆಮೇಲೆ ಹಿಂದಿನ ಸಾಲಿನ ಕಡೆ ನೋಡಿ, ಮೆಷಿನ್ ಅಕ್ಕನ ಪೂರ್ತಿ ಹೆಸರನ್ನು ಕೊನೆಯ ಅಕ್ಷರದ ಸಮೇತ ತಾವೇ ಓದಿ, "ಇದು ನೀವೇನಾ?" ಎಂದು ಕೇಳಿದರು.

"ನಾನೇ ಅಮ್ಮ" ಎಂದು ಮೆಷಿನ್ ಅಕ್ಕ ಎದ್ದು ನಿಂತಳು.

ಹಳೆಯ ತೀರ್ಪು ರದ್ದಾಯಿತು. ಕೇಸು ಮತ್ತೆ ಮೊದಲಿನಿಂದ ನಡೆಯಿತು. ಈ ಸಲ ಅವಳ ಪಕ್ಕದಲ್ಲಿ ಬ್ಯಾರಿಸ್ಟರಮ್ಮ ನಿಂತಿದ್ದರು. ಹಳೆಯ ಮಾಲೀಕರ ಕಾಗದ ಮೇಜಿಗೆ ಬಿದ್ದ ಮೇಲೆ ಎದುರು ಪಕ್ಷಕ್ಕೆ ಹೇಳಲು ಹೆಚ್ಚೇನೂ ಉಳಿಯಲಿಲ್ಲ. ನಾಲ್ಕು ತಿಂಗಳಲ್ಲಿ ಅಂಗಡಿ ಅವಳಿಗೇ ಉಳಿಯಿತು.

ಇಲಾಖೆಯಿಂದ ಮಾವನಿಗೆ ಪತ್ರ ಬಂದದ್ದೂ ನಿಜ. ಅತ್ತೆ ಅದನ್ನು ಒಡೆಯುವ ಮುಂಚೆಯೇ ದೇವರನ್ನೆಲ್ಲ ಕರೆದರು. ಒಳಗಿದ್ದದ್ದು ನೋಟಿಸ್ ಅಲ್ಲ. ಹೆಸರು ಕೂಗುವ ಕ್ರಮದಲ್ಲಿ ಏನು ಬದಲಾವಣೆ ಬೇಕು ಎಂದು ಅಭಿಪ್ರಾಯ ಕೇಳಿದ್ದರು. ಜಡ್ಜ್ ತಮ್ಮ ಆದೇಶದ ಕೊನೆಯಲ್ಲಿ ಅದರ ಬಗ್ಗೆ ಒಂದು ಸಾಲು ಬರೆದಿದ್ದರಂತೆ. ಮಾವ ಹೇಳಿದರು, ನಾನು ಬರೆದೆ. ಹೆಸರಿನ ಜೊತೆಗೆ ಕೇಸಿನ ನಂಬರನ್ನೂ ಎದುರು ಪಕ್ಷದವರ ಹೆಸರನ್ನೂ ಕೂಗಬೇಕು. "ಬಂದಿಲ್ಲ" ಎನ್ನುವ ಮುಂಚೆ ಓಣಿಗೆ ಹೋಗಿ, ವಕೀಲರಿಲ್ಲದೆ ಕೂತವರ ಕೈಯಲ್ಲಿರುವ ಕಾಗದ ನೋಡಬೇಕು. ಎಲ್ಲವನ್ನೂ ಒಪ್ಪಲಿಲ್ಲ. ನಂಬರು ಕೂಗುವುದನ್ನು ಒಪ್ಪಿದರು. ಓಣಿಗೆ ಹೋಗಿ ನೋಡುವುದು ನಿಯಮವಾಗಲಿಲ್ಲ, ಆದರೆ ಏಳನೇ ಹಾಲ್‌ನ ಹೊಸ ಕೂಗುವವನು ಹೋಗಿ ನೋಡುತ್ತಾನೆ. ಅವನಿಗೆ ಅದು ಮಾವನೇ ಹೇಳಿಕೊಟ್ಟದ್ದು.

ಮಾವ ಸಾಕ್ಷಿ ಹೇಳಿದ ದಿನ ಕೋರ್ಟಿನ ಮೆಟ್ಟಿಲಿಳಿದು ಬರುವಾಗ ಅತ್ತೆ ನನಗೆ ಹೇಳಿದ ಮಾತು ಇದು: "ಇಷ್ಟು ವರ್ಷ ಇವರ ಗುಂಡಿ ಉಜ್ಜಿದ್ದು ದಂಡ ಆಗಿಲ್ಲ ಬಿಡು." ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ಇವತ್ತಿನವರೆಗೂ ಕೇಳಿಲ್ಲ. ನನಗಂತೂ ಆಸ್ಪತ್ರೆಯಲ್ಲಿ ಯಾರಾದರೂ "ಆ ಬುಧವಾರದ ಯಜಮಾನ್ರ ಸೊಸೆ ನೀವೇನಾ" ಎಂದು ಕೇಳಿದರೆ ಕತ್ತು ತಾನಾಗೇ ನೆಟ್ಟಗಾಗುತ್ತದೆ.

ಮೊಗಸಾಲೆಗೆ ಬರುವ ವಕೀಲರು ಮೂರರಿಂದ ಹದಿನಾಲ್ಕಾದರು. ಕುರ್ಚಿಗಳು ಒಂಬತ್ತರಿಂದ ಇಪ್ಪತ್ತೆರಡು. ಕೆಲವರು ಬ್ಯಾರಿಸ್ಟರಮ್ಮನ ಬೈಗುಳಕ್ಕೆ ಹೆದರಿ ಬಂದವರು, ಕೆಲವರು ಮನಸ್ಸಾಗಿ ಬಂದವರು. ಆರು ತಿಂಗಳಾದ ಮೇಲೆ ಯಾರು ಹೇಗೆ ಬಂದವರು ಎಂಬುದು ಗುರುತೇ ಸಿಗುವುದಿಲ್ಲ ಎನ್ನುತ್ತಾರೆ ಮಾವ.

ಕಳೆದ ವರ್ಷ ಒಂದು ಬುಧವಾರ ನಾನು ರಜೆ ಹಾಕಿ ಅರ್ಜಿ ಬರೆದುಕೊಡಲು ಅಲ್ಲಿಗೆ ಹೋಗಿದ್ದೆ. ಜನ ಕಿಕ್ಕಿರಿದಿದ್ದರು. ಆಗ ಬಾಗಿಲಲ್ಲಿ ಒಬ್ಬರು ಗೌನನ್ನು ಮಡಚಿ ಕೈಮೇಲೆ ಹಾಕಿಕೊಂಡು ನಿಂತಿದ್ದು ಕಂಡಿತು. ಅವತ್ತು ಮಾವನನ್ನು ಕಟಕಟೆಯಲ್ಲಿ ಸುಲಿದ ಅದೇ ವಕೀಲರು. ಮಾವ ಏನೂ ಆಗಿಲ್ಲವೆಂಬಂತೆ ಹೋಗಿ, "ಬನ್ನಿ ಸಾರ್, ಕೂತ್ಕೊಳ್ಳಿ. ಏನು ಕೇಸು?" ಎಂದರು.

"ಕೇಸು ಇಲ್ಲ" ಎಂದರು ಅವರು. ಇನ್ನೂ ಏನೋ ಹೇಳಬೇಕೆಂದಿದ್ದವರು ನೆಲ ನೋಡಿದರು. "ನನಗೂ ಒಂದು ಬುಧವಾರ ಕೊಡಿ ಅಂತ ಕೇಳೋಕೆ ಬಂದೆ."

ಮಾವ ಅವರನ್ನು ಮೇಲಿಂದ ಕೆಳಗೆ ನೋಡಿದರು. ನಾನು ಪೆನ್ನು ಹಿಡಿದು ಕಾದೆ. ಬ್ಯಾರಿಸ್ಟರಮ್ಮ ಕೂಡ ಕೆಂಪು ಪೆನ್ಸಿಲ್ ನಿಲ್ಲಿಸಿದ್ದರು.

"ಬುಧವಾರ ತುಂಬಿಹೋಗಿದೆ ಸಾರ್" ಎಂದರು ಮಾವ. "ಗುರುವಾರ ಶುರು ಮಾಡೋಣ."

ಅವರು ಒಪ್ಪಿದರು. ಮಾವ ಅವತ್ತೇ ಮನೆಗೆ ಬರುವ ದಾರಿಯಲ್ಲಿ ಒಂದು ಪೊಟ್ಟಣ ಮೊಳೆ, ಒಂದು ಡಬ್ಬಿ ಅಂಟು ಕೊಂಡು ತಂದರು.